ಮೂರನೇ ಸಾಲಿನಲ್ಲಿದ್ದ ರಾಣಿ

ಅಜ್ಜಿ ತೀರಿಕೊಂಡ ವರ್ಷ ಅವರ ಕುಂಕುಮದ ಭರಣಿ ನನ್ನ ಪಾಲಿಗೆ ಬಂತು. ಮರದಲ್ಲಿ ಕಡೆದು ಮಾಡಿದ್ದು. ಮುಚ್ಚಳದಲ್ಲಿ ಸಣ್ಣ ಸೀಳು. ಒಳಗಿನ ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಬೆರಳಿಂದ ಕೆದಕಿದಾಗ ತಳದಲ್ಲಿ ಒಂದು ಬಟ್ಟೆ ಗಂಟು ಸಿಕ್ಕಿತು. ಬಿಚ್ಚಿದರೆ ತೊಗರಿಬೇಳೆಗಿಂತ ತುಸು ಅಗಲದ ಹಳದಿ ಬಿಲ್ಲೆ. ಕಿರುಬೆರಳಿನ ಉಗುರಿನ ಮೇಲೆ ಇಟ್ಟರೆ ಉಗುರೂ ಪೂರ್ತಿ ಮುಚ್ಚಲಿಲ್ಲ. ಜೋರಾಗಿ ಉಸಿರು ಬಿಟ್ಟರೆ ಹಾರಿ ಹೋದೀತು ಅನ್ನುವಷ್ಟು ಹಗುರ.

ಸೋಮವಾರಪೇಟೆಯಲ್ಲಿ ನಮ್ಮ ಮನೆಗೆ ತಲೆಮಾರುಗಳಿಂದ ಒಡವೆ ಮಾಡಿಕೊಡುವ ಆಚಾರ್ರು ಇದ್ದಾರೆ. ಸ್ಕೂಲು ಮುಗಿಸಿಕೊಂಡು ಅವರ ಹತ್ತಿರ ಹೋದೆ. ಅವರು ಮೊದಲು ತೂಕದ ಮೆಷಿನ್ ಮುಟ್ಟಲೇ ಇಲ್ಲ. ಹಳೆಯ ಪುಟ್ಟ ತಕ್ಕಡಿ ತೆಗೆದು ಒಂದು ತಟ್ಟೆಗೆ ಬಿಲ್ಲೆ ಇಟ್ಟರು. ಇನ್ನೊಂದಕ್ಕೆ ಗುಲಗಂಜಿ. ಒಂದು, ಎರಡು, ಮೂರು. ಮೂರನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಮೆಷಿನ್ ಮೇಲೆ ಇಟ್ಟು ತೋರಿಸಿದರು: 0.36 ಗ್ರಾಂ.

"ಮೇಷ್ಟ್ರೇ, ನಾವೆಲ್ಲ ಹಣ ಹಣ ಅಂತೀವಲ್ಲ, ಆ ಹಣ ಇದೇ ನೋಡಿ. ವೀರರಾಯ ಹಣ ಅಂತಿದ್ರು ನಮ್ಮಪ್ಪ. ಕರಗಿಸ್ಬೇಡಿ."

ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು ಅಂತ ನನಗೆ ಗೊತ್ತಾಗಿದ್ದು ಅವತ್ತು. ಹತ್ತು ಹಣ ಸೇರಿದರೆ ಒಂದು ವರಹ. ಹಣದ ಕಾಲು ಭಾಗ ಹಾಗ. ಹದಿನಾರನೇ ಒಂದು ಭಾಗ ವೀಸ. ಇಷ್ಟು ಸಣ್ಣ ನಾಣ್ಯವನ್ನು ಕೈಯಲ್ಲಿ ಎಣಿಸುವುದು ಕಷ್ಟ. ಅದಕ್ಕೆ ಘಟ್ಟದ ಕೆಳಗೆ ಮಲಬಾರು, ತಿರುವಾಂಕೂರು ಕಡೆ ಒಂದು ಹಲಗೆ ಇಟ್ಟುಕೊಂಡಿದ್ದರು. ಹಲಗೆ ತುಂಬ ಸಾಲು ಸಾಲಾಗಿ ಕುಳಿ. ಒಂದು ಹಿಡಿ ನಾಣ್ಯ ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಕೂತುಬಿಡುತ್ತಿತ್ತು. ಉಳಿದದ್ದನ್ನು ಕೈಯಲ್ಲಿ ಸವರಿ ಆಚೆ ತೆಗೆದರೆ ಲೆಕ್ಕ ಮುಗಿಯಿತು. ಎಂಥಾ ಚೆಂದದ ಉಪಾಯ ಅಲ್ವಾ?

ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದೆ. ಒಂದು ಕಡೆ ಸಾಲಾಗಿ ಚುಕ್ಕಿಗಳು, ಅದರ ಕೆಳಗೆ ಬಾಗಿದ ಗೆರೆ. ಇನ್ನೊಂದು ಕಡೆ ಸುತ್ತಿಕೊಂಡ ಗೆರೆಗಳು, ನಡುವೆ ಮತ್ತೆ ಚುಕ್ಕಿ. ಅಕ್ಷರ ಒಂದೂ ಇಲ್ಲ. ಆ ಗೆರೆಯನ್ನು ಕೆಲವರು ಮೊಸಳೆ ಅಂತಾರೆ. ಹಿಂಭಾಗದ್ದನ್ನು ಸಿಂಹ ಅನ್ನುವವರಿದ್ದಾರೆ, ಹಂದಿ ಅನ್ನುವವರಿದ್ದಾರೆ, ಕಾಳಿ ಅನ್ನುವವರೂ ಇದ್ದಾರೆ. ಒಂದು ಅಚ್ಚು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಕೊರೆಯುತ್ತಾ ಹೋದ ಹಾಗೆ ಮೂಲದ ಚಿತ್ರ ಕರಗಿ ಬರೀ ಗೆರೆ ಚುಕ್ಕಿ ಉಳಿದಿದೆ.

ನಾನು ಮಾತ್ರ ಅವತ್ತೇ ತೀರ್ಮಾನ ಮಾಡಿಬಿಟ್ಟೆ. ವೀರರಾಯ ಅಂದರೆ ಇನ್ಯಾರು, ನಮ್ಮ ಕೊಡಗನ್ನು ಆಳಿದ ಹಾಲೇರಿ ದೊರೆ ದೊಡ್ಡ ವೀರರಾಜೇಂದ್ರ. ಒಂದು ಚೀಟಿಯಲ್ಲಿ ಹಾಗೇ ಬರೆದು ಡಬ್ಬಿಗೆ ಅಂಟಿಸಿದೆ. ಆ ಚೀಟಿಯನ್ನು ಹರಿದು ಹಾಕಲು ನನಗೆ ಆರು ವರ್ಷ ಬೇಕಾಯಿತು.

ಅಲ್ಲಿಂದ ಹುಚ್ಚು ಹಿಡಿಯಿತು. ಶನಿವಾರಸಂತೆಯ ಸಂತೆಗೆ ಆಗ ಒಬ್ಬ ಹಳೆ ತಾಮ್ರ ಹಿತ್ತಾಳೆ ವ್ಯಾಪಾರಿ ಬರುತ್ತಿದ್ದ. ಅವನ ತಗಡಿನ ಡಬ್ಬದಲ್ಲಿ ಬೀಗದ ಕೈ, ಗೆಜ್ಜೆ, ತಿರುಪುಮೊಳೆ, ನಡುವೆ ಕಪ್ಪಗಾದ ಕಾಸುಗಳು. ಮೊದಲು ಕೊಂಡಿದ್ದು ಒಂದು ಆನೆಯ ಕಾಸು. ದಪ್ಪ, ಗುಂಡು, ಮೇಲೆಲ್ಲ ಹಸಿರು ಕಂದು ಪದರ. ಹಿಂದುಗಡೆ ಏನೋ ಬರಹ ಇತ್ತು. ಬೆಳಕಿಗೆ ಹಿಡಿದರೆ ಮೂರು ಸಾಲು ಕಾಣುತ್ತಿತ್ತು.

ಚಿಕ್ಕಮ್ಮ ನೋಡಿದರು. "ದೀಪದ ಕಂಬಕ್ಕೆ ಹುಳಿ ಹಾಕಿ ತಿಕ್ಕಲ್ವೇನೋ, ಹಂಗೇ ತಿಕ್ಕು, ಫಳಫಳ ಅನ್ನುತ್ತೆ" ಅಂದರು. ಮನೆಯಲ್ಲಿ ಹುಣಸೆಹಣ್ಣಿಗಿಂತ ಕೈಗೆ ಬೇಗ ಸಿಕ್ಕಿದ್ದು ಕಾಚಂಪುಳಿ ಬಾಟಲಿ. ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಟಾರಿನ ಹಾಗೆ ಕಪ್ಪು ಮಾಡಿದ ಹುಳಿ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಒಂದು ಚಮಚ ಸಾಕು. ನಾನು ಒಂದು ಬಟ್ಟಲಿಗೆ ಸುರಿದು ಕಾಸನ್ನು ರಾತ್ರಿಯೆಲ್ಲ ನೆನೆಹಾಕಿದೆ.

ಬೆಳಿಗ್ಗೆ ತೆಗೆದರೆ ಹೊಸ ತಾಮ್ರದ ಬಣ್ಣ. ಆನೆಯ ಬೆನ್ನು, ಸೊಂಡಿಲು ಉಳಿದಿದ್ದವು. ತಿರುಗಿಸಿದೆ. ಮೂರು ಸಾಲಿನ ಜಾಗದಲ್ಲಿ ಬರೀ ಗುಳಿ ಗುಳಿ. ಅಕ್ಷರ ಹೋಗಿತ್ತು. ಹಳೆಯ ತಾಮ್ರದಲ್ಲಿ ಎಷ್ಟೋ ಸಲ ಅಕ್ಷರ ಉಳಿದಿರುವುದೇ ಆ ಹಸಿರು ಕಂದು ಪದರದಲ್ಲಿ. ಅದರ ಕೆಳಗಿನ ಲೋಹವನ್ನು ಕಾಲ ಆಗಲೇ ತಿಂದಿರುತ್ತದೆ. ಪದರ ತೆಗೆದರೆ ಬರಹವನ್ನೇ ತೆಗೆದ ಹಾಗೆ. ಎಷ್ಟೋ ದಿನದ ಮೇಲೆ ಅಂಥದ್ದೇ ಇನ್ನೊಂದು ಕಾಸು ನೋಡಲು ಸಿಕ್ಕಿತು, ಚೆನ್ನಾಗಿ ಉಳಿದಿದ್ದು. ಅದರ ಹಿಂದೆ ಇದ್ದ ಮಾತು 'ರಾಯ ಗಜ ಗಂಡ ಬೇರುಂಡ'. ಗಜಬೇಟೆಕಾರ ಅನ್ನುವ ಬಿರುದಿದ್ದ ವಿಜಯನಗರದ ಎರಡನೇ ದೇವರಾಯನದ್ದು. ಐನೂರು ವರ್ಷ ಮಣ್ಣಿನಲ್ಲಿ ತಡೆದುಕೊಂಡಿದ್ದು ನನ್ನ ಅಡುಗೆಮನೆಯಲ್ಲಿ ಒಂದು ರಾತ್ರಿ ತಡೆದುಕೊಳ್ಳಲಿಲ್ಲ. ಆ ಕಾಸು ಈಗಲೂ ನನ್ನ ಮೇಜಿನ ಮೇಲಿದೆ. ಮನೆಗೆ ಬಂದು "ಹಳೆ ಕಾಸು ಹೇಗೆ ತೊಳೆಯೋದು ಸರ್" ಅಂತ ಕೇಳುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಈಗ ನಾನು ಮಾಡುವುದಿಷ್ಟೇ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಲ್ಲಿ ಬಿಡಿಸುವುದು, ಪೂರ್ತಿ ಒಣಗಿಸುವುದು. ಗಟ್ಟಿ ಹಸಿರು ಇದ್ದರೆ ಇರಲಿ. ಮುಟ್ಟಿದರೆ ಪುಡಿ ಉದುರುವ ತಿಳಿ ಹಸಿರಿನ ಚುಕ್ಕಿ ಕಂಡರೆ ಮಾತ್ರ ಹೆದರಬೇಕು. ಅದು ತಾಮ್ರಕ್ಕೆ ಹತ್ತುವ ರೋಗ, ತೇವ ಇದ್ದಷ್ಟೂ ಹಬ್ಬುತ್ತದೆ. ನಮ್ಮಲ್ಲಿ ಜೂನ್ ಬಂತು ಅಂದರೆ ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ, ಇನ್ನು ಕಾಸು ಬಿಡುತ್ತಾ? ಮೊದಲ ಮಳೆಗಾಲದಲ್ಲೇ ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ನಾಲ್ಕು ಕಾಸು ಅಂಟಂಟಾಗಿ ಹಸಿರು ಜಿಡ್ಡು ಬಿಟ್ಟಿದ್ದವು. ಆಮೇಲೆ ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಹದಿನೈದು ದಿನಕ್ಕೊಮ್ಮೆ ಆ ಹರಳುಗಳನ್ನು ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. ಮಳೆಗಾಲ ಮುಗಿಯುವವರೆಗೆ ತಾಮ್ರದ ಡಬ್ಬ ಸುಮ್ನೆ ಸುಮ್ನೆ ತೆಗೆಯುವುದಿಲ್ಲ.

ಈಗ ರಾಣಿಯ ಕಥೆ.

ಅದೇ ವ್ಯಾಪಾರಿಯ ಡಬ್ಬದಲ್ಲಿ ಎರಡನೇ ವರ್ಷ ಒಂದು ತಾಮ್ರದ ಕಾಸು ಸಿಕ್ಕಿತು. ಸುಮಾರು ಎರಡು ಸೆಂಟಿಮೀಟರ್ ಅಗಲ, ನಾಲ್ಕು ಗ್ರಾಂ. ಒಂದು ಕಡೆ ನಿಂತ ಮನುಷ್ಯ. ಕಡ್ಡಿಯಂಥ ಕೈಕಾಲು, ದುಂಡು ಮುಖ, ಎರಡೂ ಕಡೆ ಇಳಿಬಿದ್ದ ಪಂಚೆಯ ಗೆರೆಗಳು. ಇನ್ನೊಂದು ಕಡೆ ಕೂತ ಮನುಷ್ಯ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ನಾಗರಿ ಅಕ್ಷರ. ರಾಜರಾಜ ಚೋಳನ ಕಾಸು ಹೀಗೇ ಇರುತ್ತದೆ ಅಂತ ಆ ಹೊತ್ತಿಗೆ ಗೊತ್ತಿತ್ತು. ಮೊದಲ ಸಾಲು ಶ್ರೀ. ಸ್ಪಷ್ಟವಾಗಿತ್ತು. ಎರಡನೇ ಸಾಲು ರಾಜ. ಅದೂ ಸ್ಪಷ್ಟ. ಮೂರನೇ ಸಾಲು ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿತ್ತು. ಶ್ರೀ ರಾಜ ಅಂತ ಬಂದ ಮೇಲೆ ಇನ್ನೊಂದು ರಾಜ ಇರಲೇಬೇಕಲ್ಲ.

ನನ್ನ ಎದೆ ಹೊಡೆದುಕೊಳ್ಳಲು ಕಾರಣ ಇತ್ತು. ನಮ್ಮ ತಾಲ್ಲೂಕಿನ ಮಾಲಂಬಿ, ಶಾಸನದಲ್ಲಿ ಬರುವ ಊರು. ಪನಸೋಗೆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮನಿಜ ಅನ್ನುವವನಿಗೆ ರಾಜರಾಜ ಚೋಳ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಅನ್ನುವ ಬಿರುದು ಕೊಟ್ಟು ಮಾಲವ್ವಿಯನ್ನು, ಅಂದರೆ ಇವತ್ತಿನ ಮಾಲಂಬಿಯನ್ನು, ಬಿಟ್ಟುಕೊಟ್ಟ. ಕೊಂಗಾಳ್ವ ಅರಸು ಮನೆತನದ ಕಥೆ ಅಲ್ಲಿಂದ ಶುರು. ಮಾಲಂಬಿಗೆ ಹತ್ತಿರದ ಸಂತೆಯಲ್ಲಿ ರಾಜರಾಜನ ಕಾಸು! ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮಾರನೇ ದಿನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಬಿಟ್ಟು ಇದನ್ನೇ ಹೇಳಿದೆ. ಮಾಲಂಬಿ ಕಡೆಯಿಂದ ಬರುವ ಒಬ್ಬ ಹುಡುಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ವರ್ಷ ಅದು ರಾಜರಾಜನದ್ದಾಗೇ ಇತ್ತು. ಆಮೇಲೆ ಒಂದು ಸಂಜೆ ಕರೆಂಟು ಹೋಗಿತ್ತು. ಮೊಬೈಲ್ ಟಾರ್ಚನ್ನು ಮೇಜಿಗೆ ಅಡ್ಡಲಾಗಿ ಇಟ್ಟಿದ್ದೆ. ಬೆಳಕು ಕಾಸಿನ ಮೇಲೆ ಬದಿಯಿಂದ ಬೀಳುತ್ತಿತ್ತು. ಮೇಲಿನಿಂದ ಬೆಳಕು ಬಿಟ್ಟಾಗ ಕಾಣದ ಉಬ್ಬು ತಗ್ಗು ಹೀಗೆ ಅಡ್ಡ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತದೆ. ಮೂರನೇ ಸಾಲಿನ ಮೊದಲ ಅಕ್ಷರದಲ್ಲಿ ರಾ ಇರಲಿಲ್ಲ. ಎಡಗಡೆ ಒಂದು ಗುಂಡು ಬಾಗು ಇತ್ತು. ರಾ ಅಕ್ಷರಕ್ಕೆ ಆ ಬಾಗು ಬರುವುದಿಲ್ಲ. ಮೇಲೆ ಕೊಂಡಿಯ ಹಾಗೆ ಇನ್ನೊಂದು ಗೆರೆ. ಟಾರ್ಚನ್ನು ಸುತ್ತ ತಿರುಗಿಸುತ್ತಾ ನೋಡಿದೆ. ಬಟರ್ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದೆ. ಕಾಗದದ ಮೇಲೆ ಮೂಡಿದ್ದು ಲೀ. ಅದರ ಪಕ್ಕ ಇನ್ನೊಂದು ಲಾ, ಅರ್ಧ.

ಶ್ರೀ ರಾಜ ಲೀಲಾವತಿ.

ಅವಳು ಲಂಕೆಯ ರಾಣಿ. ಪೊಲೊನ್ನರುವದ ಒಂದನೇ ಪರಾಕ್ರಮಬಾಹುವಿನ ಹೆಂಡತಿ. ಗಂಡ ಸತ್ತ ಮೇಲೆ 1197ರಿಂದ 1212ರ ನಡುವೆ ಮೂರು ಸಲ ಸಿಂಹಾಸನ ಏರಿದವಳು, ಮೂರು ಸಲವೂ ಇಳಿಯಬೇಕಾಗಿ ಬಂದವಳು. ಚೋಳರು ಲಂಕೆಯ ಉತ್ತರ ಭಾಗವನ್ನು ಹಿಡಿದಾಗ ಅವರ ಕಾಸಿನ ಮಾದರಿಯೂ ಅಲ್ಲಿಗೆ ಹೋಯಿತು. ಚೋಳರು ಹೋದರೂ ಅದು ಹೋಗಲಿಲ್ಲ. ಅಲ್ಲಿನ ರಾಜರು ಅದೇ ನಿಂತ ಮನುಷ್ಯ, ಅದೇ ಕೂತ ಮನುಷ್ಯನನ್ನು ಇಟ್ಟುಕೊಂಡು ಹೆಸರು ಮಾತ್ರ ಬದಲಿಸುತ್ತಾ ಹೋದರು. ರಾಣಿ ಬಂದಾಗಲೂ ಚಿತ್ರ ಬದಲಾಗಲಿಲ್ಲ. ಪಂಚೆ ಉಟ್ಟ ಅದೇ ಗಂಡಸು. ಹೆಣ್ಣು ಆಳುತ್ತಿದ್ದಾಳೆ ಅನ್ನುವುದು ಮೂರನೇ ಸಾಲಿನಲ್ಲಿ ಮಾತ್ರ ಇದೆ. ಅದೇ ಸಾಲನ್ನು ನಾನು ಓದದೆ ಊಹೆ ಮಾಡಿದ್ದೆ.

ಬೇಜಾರಾಯಿತು ನಿಜ. ಆದರೆ ಖುಷಿ ಅದಕ್ಕಿಂತ ಜಾಸ್ತಿ ಆಯಿತು. ಎಂಟುನೂರು ವರ್ಷದ ಹಿಂದೆ ಮೂರು ಸಲ ಗದ್ದುಗೆ ಏರಿದ ಒಬ್ಬ ಹೆಂಗಸಿನ ಹೆಸರನ್ನು ನನ್ನ ಕಣ್ಣಿನಿಂದಲೇ ಓದಿದ್ದೆ. ಕ್ಲಾಸಿಗೆ ಹೋಗಿ ಹಳೆಯದು ತಪ್ಪು ಅಂತ ಹೇಳಿ, ಬೋರ್ಡಿನ ಮೇಲೆ ರಾ ಮತ್ತು ಲೀ ಎರಡನ್ನೂ ನಾಗರಿಯಲ್ಲಿ ಬರೆದು ತೋರಿಸಿದೆ. ಆ ಹುಡುಗಿ ಮತ್ತೆ ಕೇಳಿದಳು: "ಹಾಗಾದ್ರೆ ಇದು ಮಾಲಂಬಿಗೆ ಹೇಗೆ ಬಂತು ಸರ್?"

ಈ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಮುಂದಿನ ಶನಿವಾರ ವ್ಯಾಪಾರಿಯನ್ನು ಹಿಡಿದು ಕೂರಿಸಿದೆ. ಅವನು ಮುಚ್ಚುಮರೆ ಮಾಡಲಿಲ್ಲ. ಡಬ್ಬದ ಕಾಸುಗಳನ್ನು ತಮಿಳುನಾಡಿನ ಕಡೆಯಿಂದ ಕೆಜಿ ಲೆಕ್ಕದಲ್ಲಿ ತರುತ್ತಿದ್ದ. ಅಂದರೆ ಅದು ಕೊಡಗಿಗೆ ಬಂದಿದ್ದು ಬಸ್ಸಿನಲ್ಲಿ. ನನ್ನ ಕಾಸಿಗೂ ಮಾಲಂಬಿಗೂ ಸಂಬಂಧ ಕವಡೆ ಕಾಸಿನಷ್ಟೂ ಇರಲಿಲ್ಲ. ಒಂದು ವೇಳೆ ಅದು ರಾಜರಾಜನದ್ದೇ ಆಗಿದ್ದರೂ ಇರುತ್ತಿರಲಿಲ್ಲ.

ಅವತ್ತಿನಿಂದ ನನ್ನ ಚೀಟಿಗಳು ಬದಲಾದವು. ಮೊದಲು ರಾಜನ ಹೆಸರು ದೊಡ್ಡದಾಗಿ ಬರೆಯುತ್ತಿದ್ದೆ. ಈಗ ಮೊದಲ ಸಾಲು: ಎಲ್ಲಿಂದ ಬಂತು, ಯಾರ ಕೈಯಿಂದ, ಯಾವತ್ತು. ಎರಡನೆಯದು ತೂಕ, ಅಗಲ. ಮೂರನೆಯದು ಕಣ್ಣಿಗೆ ಕಂಡ ಅಕ್ಷರ ಮಾತ್ರ, ಊಹೆ ಮಾಡಿದ್ದನ್ನು ಬೇರೆ ಬಣ್ಣದಲ್ಲಿ. ರಾಜನ ಹೆಸರು ಕೊನೆಗೆ, ಅದೂ ಪೆನ್ಸಿಲಿನಲ್ಲಿ. ಎಷ್ಟೇ ಅಪರೂಪದ ನಾಣ್ಯವಾದರೂ ಎಲ್ಲಿ ಸಿಕ್ಕಿತು ಅನ್ನುವುದು ಕಳೆದುಹೋದರೆ ಅದರ ಅರ್ಧ ಮಾತು ಹೋದ ಹಾಗೆ. ಸಂಗ್ರಹ ಮಾಡುವ ನಾವೇ ಇದನ್ನು ಜಾಸ್ತಿ ಕಳೆಯುವುದು. ಕೊಳ್ಳುವಾಗ ಬೆಲೆ ಕೇಳುತ್ತೇವೆ, ಊರು ಕೇಳುವುದಿಲ್ಲ.

ಚಿನ್ನದ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದನ್ನೂ ಹೇಳಿಬಿಡುತ್ತೇನೆ. ಒಂದು ವರ್ಷದ ಮೆಣಸಿನ ದುಡ್ಡು ಒಟ್ಟು ಮಾಡಿ, ದೊಡ್ಡ ಊರಿನ ಒಬ್ಬ ವ್ಯಾಪಾರಿಯಿಂದ ಕೃಷ್ಣದೇವರಾಯನ ವರಹ ಕೊಂಡೆ. ಕೂತ ಬಾಲಕೃಷ್ಣ, ಹಿಂದೆ ನಾಗರಿಯಲ್ಲಿ ಮೂರು ಸಾಲು, ಶ್ರೀ ಪ್ರತಾಪ ಕೃಷ್ಣರಾಯ. ತೂಕ 3.31 ಗ್ರಾಂ, ವರಹಕ್ಕೆ ಹತ್ತಿರ ಹತ್ತಿರ ಸರಿ. ಆಚಾರ್ರು ಮಾತ್ರ ಮುಖ ಗಂಟು ಹಾಕಿದರು. ಮೆಷಿನ್ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿದರು. ನಾಣ್ಯವನ್ನು ತೆಳ್ಳನೆ ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನೊಳಗೆ ಇಳಿಬಿಟ್ಟರು. ಮೆಷಿನ್ 0.27 ತೋರಿಸಿತು. 3.31ನ್ನು 0.27ರಿಂದ ಭಾಗಿಸಿದರೆ ಹನ್ನೆರಡು ಚಿಲ್ಲರೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಅಪ್ಪಟ ಚಿನ್ನಕ್ಕೆ ಹತ್ತೊಂಬತ್ತರ ಮೇಲೆ ಬರಬೇಕು, ಬೆಳ್ಳಿಗೆ ಹತ್ತೂವರೆ. ಮೇಲೆ ಚಿನ್ನ, ಒಳಗೆ ಇನ್ನೇನೋ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಎರಕ ಹೊಯ್ದಾಗ ಬರುವ ಸೂಜಿಮೊನೆಯ ಗುಳಿಗಳೂ ಕಂಡವು. ನಾಣ್ಯ ವಾಪಸ್ ಹೋಯಿತು, ದುಡ್ಡು ಪೂರ್ತಿ ಬರಲಿಲ್ಲ. ಅಲ್ಲಿಂದ ಲೋಟ ದಾರ ಇಲ್ಲದೆ ಚಿನ್ನ ಕೊಳ್ಳುವುದಿಲ್ಲ. ವಿಷ್ಣುವರ್ಧನನ 'ಶ್ರೀ ತಳಕಾಡುಗೊಂಡ' ಗದ್ಯಾಣ ನನ್ನ ಕೈಗೆಟುಕುವುದಲ್ಲ. ಆ ಹಳಗನ್ನಡದ ಅಕ್ಷರಗಳನ್ನು ಫೋಟೋದಲ್ಲಿ ನೋಡಿ ನೋಡಿ ಕೈಯಿಂದ ಬರೆದು ಕಲಿತಿದ್ದೇನೆ, ಅಷ್ಟೇ. 1116ರಲ್ಲಿ ಗೆದ್ದ ಊರಿನ ಹೆಸರನ್ನು ಕನ್ನಡದಲ್ಲೇ ಚಿನ್ನದ ಮೇಲೆ ಒತ್ತಿಸಿದ ದೊರೆ ಅವನು. ಅದನ್ನು ಓದುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಹೆಸರು ಗೊತ್ತಾದ ಮೇಲೆ ಜನ ಫೋನ್ ಮಾಡುತ್ತಾರೆ. ಹೋದ ವರ್ಷ ಕಾಫಿ ಗುಂಡಿ ತೆಗೆಯುವಾಗ ಒಂದು ಕುಡಿಕೆ ಸಿಕ್ಕಿದೆ, ಎಷ್ಟು ಕೊಡ್ತೀರಿ ಅಂತ ಒಬ್ಬರು ಕೇಳಿದರು. ನೋಡುವ ಆಸೆ ನನಗೆ ಎಷ್ಟಿತ್ತು ಅಂತ ಹೇಳಲಾರೆ. ಆದರೂ ನಾನು ಹೋಗಲಿಲ್ಲ. ಮಣ್ಣಿನಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಾನೂನು. ಅದಕ್ಕಿಂತ ಮುಖ್ಯ, ಕುಡಿಕೆ ಒಟ್ಟಿಗೆ ಇರಬೇಕು. ಯಾವ ನಾಣ್ಯದ ಜೊತೆ ಯಾವ ನಾಣ್ಯ ಇತ್ತು ಅನ್ನುವುದರಿಂದಲೇ ಅದನ್ನು ಯಾವಾಗ ಹೂತರು ಅಂತ ಗೊತ್ತಾಗುವುದು. ಹತ್ತು ಜನ ಹಂಚಿಕೊಂಡರೆ ಉಳಿಯುವುದು ಹತ್ತು ಬಿಲ್ಲೆ. "ಮುಟ್ಬೇಡಿ, ತೊಳೀಬೇಡಿ, ತಾಲ್ಲೂಕು ಆಫೀಸಿಗೆ ಹೋಗಿ ಹೇಳಿ" ಅಂದೆ. ಫೋನ್ ಇಟ್ಟರು.

ಇನ್ನು ಅಜ್ಜಿಯ ಹಣ. ಲೀಲಾವತಿ ಕಣ್ಣು ತೆರೆಸಿದ ಮೇಲೂ ಅದರ ಚೀಟಿ ಮುಟ್ಟಲು ನನಗೆ ಧೈರ್ಯ ಬಂದಿರಲಿಲ್ಲ. ಓದುತ್ತಾ ಹೋದ ಹಾಗೆ ತಿಳಿಯಿತು, ವೀರರಾಯ ಹಣ ಕೊಡಗಿನಲ್ಲಿ ಓಡಿದ ಹಾಗೆಯೇ ಮಲಬಾರಿನಲ್ಲೂ ಓಡುತ್ತಿತ್ತು. ಕಲ್ಲಿಕೋಟೆಯ ಸಾಮೂದಿರಿ ರಾಜರದ್ದು ಅನ್ನುವವರಿದ್ದಾರೆ, ಕೊಡಗಿನದ್ದು ಅನ್ನುವವರೂ ಇದ್ದಾರೆ. ನಾಣ್ಯದ ಮೇಲೆ ಅಕ್ಷರ ಇಲ್ಲ. ಒಂದು ಹೆಸರು ಕಿವಿಗೆ ಹಿತವಾಗಿ ಕೇಳಿಸಿತು ಅಂತ ನಾನು ಅದನ್ನು ದೊಡ್ಡ ವೀರರಾಜೇಂದ್ರನಿಗೆ ಕಟ್ಟಿದ್ದೆ. ಶ್ರೀ ರಾಜ ಅಂತ ನೋಡಿ ಇನ್ನೊಂದು ರಾಜ ಸೇರಿಸಿದ ಹಾಗೆಯೇ.

ಚೀಟಿ ಹರಿದು, ಚಿಕ್ಕಮ್ಮನ ಮುಂದೆ ಕೂತೆ. ಈ ಸಲ ಯಾವ ರಾಜ ಅಂತ ಕೇಳಲಿಲ್ಲ. ಅಜ್ಜಿಗೆ ಇದು ಎಲ್ಲಿಂದ ಬಂತು ಅಂತ ಕೇಳಿದೆ. ಅವರಿಗೆ ಗೊತ್ತಿತ್ತು! ಆರು ವರ್ಷ ಅದೇ ಮನೆಯಲ್ಲಿದ್ದ ಉತ್ತರ. ಅಜ್ಜಿಯ ತಾಯಿ ವಿರಾಜಪೇಟೆ ಕಡೆಯವರು. ಅವರ ಮನೆಯವರು ಪೆರುಂಬಾಡಿ ದಾರಿಯಲ್ಲಿ ಘಟ್ಟ ಇಳಿದು ಮಲಬಾರಿಗೆ ಹೇರೆತ್ತಿನ ಮೇಲೆ ಅಕ್ಕಿ ಹೊತ್ತು, ಉಪ್ಪು ತರುತ್ತಿದ್ದರಂತೆ. ಕೊಡಗಿನ ಅಕ್ಕಿ ಕೆಳಗೆ ಹೋಗಿ ಸಮುದ್ರದ ಉಪ್ಪು ಮೇಲೆ ಬರುವುದು ಆ ಕಾಲದ ದೊಡ್ಡ ವ್ಯಾಪಾರ. ಬ್ರಿಟಿಷರು 1834ರಲ್ಲಿ ಕೊಡಗು ತೆಗೆದುಕೊಂಡರು, ಮಾರನೇ ವರ್ಷ ಕಂಪನಿ ದೇಶಕ್ಕೆಲ್ಲ ಒಂದೇ ರೂಪಾಯಿ ತಂದಿತು. ಹಣದ ಓಟ ನಿಂತ ಮೇಲೆ ಉಳಿದ ಒಂದು ಬಿಲ್ಲೆಯನ್ನು ಮನೆಯವರು ಲಕ್ಷ್ಮಿ ಅಂತ ಇಟ್ಟುಕೊಂಡು, ಮಗಳು ಗಂಡನ ಮನೆಗೆ ಹೊರಟಾಗ ಕೊಟ್ಟು ಕಳಿಸಿದ್ದರು.

ಹೊಸ ಚೀಟಿ ಬರೆದೆ. 'ಅಜ್ಜಿಯ ಕುಂಕುಮದ ಭರಣಿ. ಅದಕ್ಕೆ ಮೊದಲು ಮುತ್ತಜ್ಜಿ, ವಿರಾಜಪೇಟೆ ಕಡೆ. ಮಲಬಾರಿನ ಅಕ್ಕಿ ವ್ಯಾಪಾರದ್ದು ಅಂತ ಮನೆ ಮಾತು. ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದು. 0.36 ಗ್ರಾಂ. ಅಕ್ಷರ ಇಲ್ಲ.' ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಚೀಟಿ ತೆಗೆದುಕೊಂಡರು.

"ಸೆರಗಿಗಲ್ಲ ಕಣೋ. ಎಲೆ ಅಡಿಕೆ ಚೀಲದೊಳಗೆ. ಸರಿಯಾಗಿ ಬರಿ."

ಹೊಡೆದು ಹಾಕಿ ಸರಿಯಾಗಿ ಬರೆದೆ.